ಯಾವ ಬಸ್ ಹಾಕ್ಲಿ ಸಾ?

“ಕೇಸ್ ಯಾವ್ದು ಹಾಕೋಣ ಸಾ?” ಎಂದು ಭವ್ಯ ಕೇಳಿದ್ದೇ ತಡ, ಗುರುಪಾದಸ್ವಾಮಿಯವರ ಮುಖ ಕೆಂಪಗಾಯಿತು.

“ಕೇಸಾ? ಯಾರ್ ಮ್ಯಾಲವ್ವ ಕೇಸು? ನನ್ ಸರ್ವಿಸ್ನಲ್ಲಿ ಒಂದೇ ಒಂದ್ ಕೇಸಿಲ್ಲ. ಒಂದ್ ಕೋಳಿಮರಿ ಸೈತ ನನ್ ಚಕ್ರುಕ್ಕೆ ಸಿಕ್ಕಿಲ್ಲ. ಅನುಮಾನ ಇದ್ರೆ ಡಿಪೋಗ್ ಓಗಿ ಕೇಳ್ಕಂಡ್ ಬಾ!”

ಭವ್ಯ ನಗು ತಡೆಯಲಾರದೆ ಕಂಪ್ಯೂಟರ್ ಅಂಗಡಿಯ ಗಲ್ಲಾ ಮೇಜಿನ ಮೇಲೆ ತಲೆಯಿಟ್ಟಳು. ಕಂಪ್ಯೂಟರಿನ ಸಾಮಾನನ್ನೆಲ್ಲ ಒಳಗೆ ಕೂರಿಸಿ ಮುಚ್ಚುವ ತಗಡಿನ ಪೆಟ್ಟಿಗೆಗೆ ಈಗಿನವರು ಕೇಸ್ ಎನ್ನುತ್ತಾರೆ ಎಂದು ಅವಳು ಬಿಡಿಸಿ ಹೇಳಿದ ಮೇಲೆ ಅವರಿಗೆ ಹೋದ ಜೀವ ಬಂತು. “ಅಂಗೇಳು ಮತ್ತೆ. ಬಾಡಿ ಅನ್ನು. ಬಸ್ಸಿಗೆ ಬಾಡಿ ಕಟ್ಟುಸ್ದಂಗೆ,” ಎಂದು ತಾವೂ ನಕ್ಕರು. ಜೀವಮಾನವೆಲ್ಲ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದ ಮನುಷ್ಯನ ಮುಂದೆ ಆ ಮಾತನ್ನು ಹಾಗೆ ಏಕಾಏಕಿ ಎತ್ತಬಾರದಿತ್ತು, ತಪ್ಪು ಅವಳದೇ.

ಗುರುಪಾದಸ್ವಾಮಿ ಮಧುವನಹಳ್ಳಿಯವರು. ಅಪ್ಪ, ತಾತ ಎಲ್ಲ ಗದ್ದೆ ಬಯಲು ನೋಡಿಕೊಂಡು ಇದ್ದವರು. ಇವರೊಬ್ಬರಿಗೆ ಮಾತ್ರ ಚಿಕ್ಕಂದಿನಿಂದ ಸ್ಟೇರಿಂಗಿನ ಹುಚ್ಚು. ಊಟದ ತಟ್ಟೆ ಕೈಗೆ ಸಿಕ್ಕರೆ ಸಾಕು, ಅನ್ನ ಬೀಳುವ ಮೊದಲೇ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಬಾಯಲ್ಲೇ ಗೇರು ಬದಲಾಯಿಸುತ್ತಿದ್ದರು. ಮುಂದೆ ಖಾಕಿ ತೊಟ್ಟಾಗ ಊರಿನವರು, ಜಮೀನಿರೋ ಮನೆಯ ಮಗ ಸಂಬಳಕ್ಕೆ ಹೋದನಲ್ಲ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಕೊಳ್ಳೇಗಾಲದಿಂದ ಹನೂರು ದಾಟಿ, ತಾಳಬೆಟ್ಟದಲ್ಲಿ ಒಂದು ಕರ್ಪೂರ ಹಚ್ಚಿ, ಮಾದಪ್ಪನ ಬೆಟ್ಟದ ಘಾಟಿಗೆ ಎರಡನೇ ಗೇರು ಹಾಕುವಾಗ ಇವರಿಗೆ ಸಿಗುತ್ತಿದ್ದ ಸುಖ ಆಡಿಕೊಂಡವರಿಗೆ ಎಲ್ಲಿಂದ ತಿಳಿಯಬೇಕು? ಮಡಿಲಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಕೂತ ಮುದುಕಿಯ ಸೀರೆಗೆ ಒಂದು ತೊಟ್ಟು ಬಿದ್ದದ್ದಿಲ್ಲ, ಹಾಗಿತ್ತು ಅವರ ಕೈ. ಜೊತೆಗೆ ಕಂಡಕ್ಟರ್ ದೊರೆಸ್ವಾಮಿ ಇದ್ದರು. ಬೆಟ್ಟದ ಸೋಲಿಗರ ಪೋಡಿನಲ್ಲಿ, ಕಾಡಿನ ನಡುವಿನ ಹಾಡಿಯಲ್ಲಿ, ಹುಟ್ಟಿ ಬೆಳೆದವರು. ಯಾವ ತಿರುವಿನಲ್ಲಿ ಆನೆ ನಿಂತಿರಬಹುದು ಎಂದು ಸೀಟಿ ಊದಿ ಮೊದಲೇ ಎಚ್ಚರಿಸುತ್ತಿದ್ದರು.

ಎಲ್ಲ ಸರಿಯಿತ್ತು, ಕಣ್ಣು ಮಾತ್ರ ಕೈಕೊಟ್ಟಿತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸೊರಗಿದೆ ಎಂದರು ಡಾಕ್ಟರು. ಎದುರಿಗಿದ್ದದ್ದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಮಾತ್ರ ಇಲ್ಲವೇ ಇಲ್ಲ. ಪಕ್ಕದಲ್ಲಿ ಕೂತವರನ್ನು ನೋಡಬೇಕಾದರೂ ಕತ್ತನ್ನು ಪೂರ್ತಿ ತಿರುಗಿಸಬೇಕು. ಅಂಥ ಕಣ್ಣಿಗೆ ಬಸ್ ಯಾರು ಕೊಡುತ್ತಾರೆ? ಕೊನೆಯ ವರ್ಷಗಳನ್ನು ಡಿಪೋದ ಮೇಜಿನ ಮುಂದೆ ಕಳೆದು ಹಾರ ಹಾಕಿಸಿಕೊಂಡು ಮನೆಗೆ ಬಂದರು. ಆ ಹಾರದ ದಿನ ಅವರು ಅತ್ತದ್ದು ನಿವೃತ್ತಿಗಲ್ಲ, ಇನ್ನೆಂದೂ ಘಾಟಿ ಹತ್ತಿಸುವಂತಿಲ್ಲ ಎಂಬುದಕ್ಕೆ.

ಅದಕ್ಕಿಂತ ಹಳೆಯ ನೋವೊಂದಿತ್ತು. ಹೆಂಡತಿ ಶಿವರತ್ನಮ್ಮ ಅವರ ಬಸ್ಸನ್ನು ಹತ್ತಿದ್ದು ಒಂದೇ ಒಂದು ಸಲ, ಮದುವೆಯಾದ ಹೊಸತರಲ್ಲಿ. ಬಂಡಳ್ಳಿಯ ತವರಿಗೆ ಹೋಗಲು ಮುಂದಿನ ಸೀಟಿನಲ್ಲಿ ಕೂತಿದ್ದರು. ಮೇಲಿನ ಕನ್ನಡಿಯಲ್ಲಿ ಮಲ್ಲಿಗೆ ಮುಡಿದ ಆ ಮುಖ ಕಂಡಿತು ನೋಡಿ, ಡ್ರೈವರ್ ಸಾಹೇಬರು ರಸ್ತೆ ಮರೆತರು. ಎದುರಿಗೆ ಬಂದ ಎತ್ತಿನಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಉಳಿದ ದಾರಿಯನ್ನು ಇವರು ಆ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟೇ ಓಡಿಸಿದರು. ಮನೆಗೆ ಬಂದವರೇ, “ಇನ್ಮ್ಯಾಕೆ ನೀನ್ ನನ್ ಬಸ್ ಅತ್ತಬ್ಯಾಡ,” ಎಂದುಬಿಟ್ಟರು. ಯಾಕೆ ಎಂದು ಹೇಳಲು ನಾಚಿಕೆ. ಹೆಂಡತಿಯ ಮುಖ ನೋಡುತ್ತ ಗಾಡಿ ಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳುವುದು? ಶಿವರತ್ನಮ್ಮ ಅಂದಿನಿಂದ ಗಂಡನ ಬಸ್ಸು ಮುಂದೆ ಬಂದು ನಿಂತರೂ ಹತ್ತದೆ ಹಿಂದಿನ ಬಸ್ಸಿಗೆ ಕಾದರು. ಎಷ್ಟೋ ವರ್ಷದ ಮೇಲೆ ತಂಗಿಯ ಹತ್ತಿರ, “ನನ್ ಕಾಲ್ಗುಣ ಸರಿ ಇಲ್ಲ ಅಂತ ಇವ್ರ ತಲೆಲಿ ಕೂತದೆ,” ಎಂದದ್ದು ಜಗುಲಿಯಲ್ಲಿದ್ದ ಗುರುಪಾದಸ್ವಾಮಿಯವರ ಕಿವಿಗೆ ಬಿತ್ತು. ಆಗಲೂ ಎದ್ದು ಹೋಗಿ ಹೇಳುವ ಧೈರ್ಯ ಆ ಧೀರನಿಗೆ ಬರಲಿಲ್ಲ.

ಹೀಗಿರುವಾಗ ದೊರೆಸ್ವಾಮಿ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಯಾರೋ ಪುಣ್ಯಾತ್ಮ ಕಂಪ್ಯೂಟರಿನ ಬಸ್ ಆಟದೊಳಗೆ ಮಾದಪ್ಪನ ಬೆಟ್ಟದ ರಸ್ತೆಯನ್ನೇ ಮಾಡಿ ಹಾಕಿದ್ದ. ಅದೇ ಕೆಂಪು ಬಸ್ಸು, ಅದೇ ತಾಳಬೆಟ್ಟ, ತಿರುವಿನ ಪಕ್ಕದ ಅದೇ ಕುಳ್ಳ ಗೋಡೆ. ಗುರುಪಾದಸ್ವಾಮಿ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. ಓಡಿಸುತ್ತಿದ್ದವನು ಗೇರು ತಪ್ಪು ಹಾಕಿದಾಗಲೆಲ್ಲ ಬೈದರು. ವಿಡಿಯೋ ಮುಗಿದದ್ದೇ ಮತ್ತೆ ಮೊದಲಿನಿಂದ ಹಾಕಿಕೊಂಡರು. ಇದರೊಳಗೆ ಪಕ್ಕದ್ದು ಕಾಣದಿದ್ದರೆ ಏನಾಯಿತು? ರಸ್ತೆಯೆಲ್ಲ ಎದುರಿನ ಪರದೆಯ ಮೇಲೇ ಇದೆ! ಶಿವರತ್ನಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಎಂಥ ಡ್ರೈವರ್ ಎಂಬುದನ್ನು ಒಂದು ಸಲ, ಒಂದೇ ಒಂದು ಸಲ ತೋರಿಸಬೇಕು. ಆ ಆಸೆ ಒಳಗೆ ಹೊಕ್ಕಿದ್ದೇ ಹೊಕ್ಕಿದ್ದು, ಅವರಿಗೆ ಅನ್ನ ರುಚಿಸಲಿಲ್ಲ.

ದೊಡ್ಡ ಟಿವಿ ಕೊಳ್ಳಲೆಂದು ತೆಗೆದಿಟ್ಟಿದ್ದ ದುಡ್ಡನ್ನು ಕೇಳಿದರು. ಶಿವರತ್ನಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಆಟ ಆಡಕ್ಕಾ? ಈ ವಯಸ್ನಲ್ಲಾ?”

“ಆಟ ಅಲ್ಲ ಕನಾ, ಡೂಟಿ.”

“ತಕಳಿ. ಆದ್ರೆ ಸಂಜೆ ನನ್ ಧಾರಾವಾಹಿ ಒತ್ಗೆ ಟಿವಿ ಮುಟ್ಟಂಗಿಲ್ಲ. ಇನ್ನೊಂದ್ ಮಾತು, ನಾನೇನ್ ನಿಮ್ ಬಸ್ ಅತ್ತಲ್ಲ.”

ಕೊನೆಯ ಮಾತು ಚುರುಕ್ಕೆಂದಿತು. ಆದರೂ ಒಪ್ಪಿಗೆ ಸಿಕ್ಕಿತಲ್ಲ, ಗುರುಪಾದಸ್ವಾಮಿ ಮರುದಿನವೇ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ, ಭವ್ಯ ಕೂರುವ ಕಂಪ್ಯೂಟರ್ ಅಂಗಡಿಗೆ ಬಂದರು.

ಭವ್ಯ ಯಳಂದೂರು ತಾಲ್ಲೂಕಿನ ಅಗರದವಳು. ಗುರುಪಾದಸ್ವಾಮಿ ಕೆಲಕಾಲ ಯಳಂದೂರಿನ ಕಡೆ ಬಸ್ ಓಡಿಸಿದ್ದಾಗ ಅವಳು ಆ ಬಸ್ಸಿನಲ್ಲೇ ಕಾಲೇಜಿಗೆ ಹೋಗುತ್ತಿದ್ದಳು. ಓಡಿ ಬರುತ್ತಿದ್ದ ಅವಳಿಗಾಗಿ ಬಸ್ಸು ನಿಂತ ಬೆಳಗುಗಳನ್ನು ಅವಳು ಮರೆತಿರಲಿಲ್ಲ. ಆಟದ ಹೆಸರು, ಕೈಯಲ್ಲಿರುವ ದುಡ್ಡು ಎರಡನ್ನೂ ಕೇಳಿ, “ಆಯ್ತದೆ ಸಾ. ಎಲ್ಲಾ ಅಳತೆ ನೋಡ್ಕಂಡು ಆರಿಸ್ಬೇಕು ಅಷ್ಟೇ,” ಎಂದಳು. ಟಿವಿಯನ್ನೇ ಪರದೆ ಮಾಡಿಕೊಂಡರೆ ಮಾನಿಟರಿನ ಖರ್ಚು ಉಳಿಯುತ್ತದೆ ಎಂಬ ಉಪಾಯ ಅವಳದೇ.

ಸಾಮಾನು ಆರಿಸುವುದೆಂದರೆ ಇಷ್ಟು ಖುಷಿ ಇರುತ್ತದೆಂದು ಗುರುಪಾದಸ್ವಾಮಿಯವರಿಗೆ ಗೊತ್ತಿರಲಿಲ್ಲ. ಮದರ್‌ಬೋರ್ಡ್ ಎಂದರೆ ಚಾಸಿ. ಪ್ರೊಸೆಸರ್ ಎಂದರೆ ಇಂಜಿನ್. ಅದರ ಮೇಲೆ ಕೂರುವ ಫ್ಯಾನು ರೇಡಿಯೇಟರು. ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಬ್ಯಾಟರಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಗಿ, ಮೂಸಿ ಕೂಡ ನೋಡಿದರು. “ಬ್ಯಾಟ್ರಿ ಮಾತ್ರ ಅಗ್ಗದ್ದು ಬ್ಯಾಡ ಕಣವ್ವ. ಇಂಜಿನ್ ಎಷ್ಟ್ ಚೆನ್ನಾಗಿದ್ರೂ ಬ್ಯಾಟ್ರಿ ಲಡ್ಡಾದ್ರೆ ಗಾಡಿ ದಾರಿಲೇ,” ಎಂದರು. ಭವ್ಯಳಿಗೆ ಆ ಮಾತು ಬಹಳ ಹಿಡಿಸಿತು. ಕಾಲೇಜು ಹುಡುಗರು ಬಣ್ಣದ ದೀಪಕ್ಕೆ ಮಾರುಹೋಗಿ ಉಳಿತಾಯ ಮಾಡುವುದು ಅದರಲ್ಲೇ. ಹಾಗೆಂದು ಇವರು ದೀಪ ಬಿಟ್ಟರೇ? ಇಲ್ಲ. ಗಾಜಿನ ಮೈ, ಒಳಗೆ ಕೆಂಪು ದೀಪ ಸುತ್ತುವ ಪೆಟ್ಟಿಗೆ ಕಂಡದ್ದೇ, “ಆಯುಧಪೂಜೆ ಬಸ್ಸಿದ್ದಂಗದೆ! ಇದೇ ಇರ್ಲಿ,” ಎಂದು ಎತ್ತಿಟ್ಟುಕೊಂಡರು.

ಜಗಳ ಬಂದದ್ದು ಸ್ಟೇರಿಂಗಿನಲ್ಲಿ. ಭವ್ಯ ಮೊದಲು ಅಗ್ಗದ್ದೊಂದನ್ನು ಮೇಜಿಗೆ ಬಿಗಿದಳು. ಗುರುಪಾದಸ್ವಾಮಿ ಹಿಡಿದು ತಿರುಗಿಸಿದರು. ಮುಕ್ಕಾಲು ಸುತ್ತಿಗೇ ಟಕ್ಕೆಂದು ನಿಂತಿತು.

“ಮಿಕ್ಕಿದ್ದೆಲ್ಲವ್ವ?”

“ಇಷ್ಟೇ ಸಾ ತಿರ್ಗದು.”

“ಹೇರ್‌ಪಿನ್ ತಿರುವ್ಗೆ ಮುಕ್ಕಾಲು ಸುತ್ತಾ? ಇದು ಜಾತ್ರೇಲಿ ಮಕ್ಳು ಕೂರೋ ಆಟದ್ ಕಾರಿಂದು. ಎಲ್ಡ್ ಸುತ್ತಿನ ಮ್ಯಾಲೆ ಬರೋದ್ ಕೊಡು.”

ಅಂಥದ್ದು, ಮೂರು ಪೆಡಲು ಮತ್ತು ಗೇರಿನ ಕೋಲಿನ ಸಮೇತ, ಮೈಸೂರಿನಲ್ಲಿ ಯಾರೋ ಬಳಸಿ ಮಾರುವುದಕ್ಕಿಟ್ಟಿದ್ದರು. ಅದನ್ನು ತರಿಸಿದರೆ ಬೇರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲದು. ಕಾರ್ಡಿಲ್ಲದೆ, ಚಿತ್ರ ಬಿಡಿಸುವ ಶಕ್ತಿಯೂ ಒಳಗೇ ಇರುವ ಪ್ರೊಸೆಸರ್ ಹಾಕಬೇಕಾಗುತ್ತದೆ ಎಂದಳು ಭವ್ಯ. “ಚಿತ್ರ ಸ್ವಲ್ಪ ಮಂಕಾದ್ರೆ ಆಗ್ಲಿ. ಗಾಡಿ ಕೈಲಿರ್ಬೇಕು,” ಎಂದರು ಗುರುಪಾದಸ್ವಾಮಿ, ಒಂದು ಕ್ಷಣವೂ ಯೋಚಿಸದೆ.

ಉಳಿದದ್ದು ರ‍್ಯಾಮ್. ಕಂಪ್ಯೂಟರ್ ತನಗೆ ಬೇಕಾದ್ದನ್ನು ನೆನಪಿಟ್ಟುಕೊಳ್ಳುವ, ಗೇಣಿಗೂ ಕಿರಿದಾದ ಎರಡು ಹಸಿರು ಪಟ್ಟಿಗಳನ್ನು ಮುಂದಿಟ್ಟು ಭವ್ಯ ಅಂಗಡಿಯವರ ಮಾತಿನಲ್ಲಿ ಕೇಳಿದಳು, “ಯಾವ ಬಸ್ ಹಾಕ್ಲಿ ಸಾ? ಎರಡು ಸಾವ್ರದ ಆರ್ನೂರು ಚಿಲ್ರೆ ಬಸ್ಸೂ ಅದೆ, ಮೂರು ಸಾವ್ರದ ಇನ್ನೂರರ ಬಸ್ಸೂ ಅದೆ.”

ಗುರುಪಾದಸ್ವಾಮಿ ಕುರ್ಚಿಯಿಂದ ಎದ್ದೇಬಿಟ್ಟರು. ಬಸ್! ಇದರೊಳಗೂ ಬಸ್ಸಿದೆಯೇ! “ಅದೇನವ್ವ ಆ ನಂಬರು?”

“ಅದರ ಸ್ಪೀಡ್ ಸಾ.”

“ಅಂಗಾದ್ರೆ ಕಮ್ಮಿ ಸ್ಪೀಡಿನ್ ಬಸ್ಸೇ ಆಕು. ಘಾಟಿಗೆ ಸ್ಪೀಡ್ ಆಗಲ್ಲ.”

“ಸಾ, ಇದು ಆ ಬಸ್ಸಲ್ಲ...”

“ನೀನ್ ನಂಗ್ ಬಸ್ ಏಳ್ಕೊಡ್ಬ್ಯಾಡ ಕಣವ್ವ!”

ಆ ಮುಖದ ಹುಮ್ಮಸ್ಸು ನೋಡಿ ಭವ್ಯಳಿಗೆ ಅದನ್ನು ಇಳಿಸಲು ಮನಸ್ಸಾಗಲಿಲ್ಲ. ಬೇಕಾದರೆ ಆಮೇಲೆ ಬದಲಾಯಿಸಿದರಾಯಿತು ಎಂದಷ್ಟೇ ಹೇಳಿ, ಉಳಿದ ದುಡ್ಡಿಗೆ ಬರುವ ಹಾಗೆ ನಿಧಾನದ ಬಸ್ಸಿನ ಒಂದೇ ಪಟ್ಟಿಯನ್ನು ಕೂರಿಸಿದಳು.

ಪೆಟ್ಟಿಗೆ ಮನೆಗೆ ಬಂದ ದಿನ ಪೂಜೆಯಿಲ್ಲದೆ ಆದೀತೇ? ಗಾಜಿನ ಮೈಗೆ ವಿಭೂತಿಯ ಮೂರು ಗೆರೆ, ಸ್ಟೇರಿಂಗಿಗೆ ಚೆಂಡುಹೂವು. ನಿಂಬೆಹಣ್ಣು ಇಡಲು ಚಕ್ರವೇ ಇಲ್ಲ. ಗುರುಪಾದಸ್ವಾಮಿ ಒಂದು ಗಳಿಗೆ ಯೋಚಿಸಿ, ತಮ್ಮ ಕುರ್ಚಿಯ ನಾಲ್ಕು ಕಾಲಿನ ಕೆಳಗೆ ನಾಲ್ಕು ಹಣ್ಣಿಟ್ಟು ಧೊಪ್ಪನೆ ಕೂತರು. ರಸ ಚಿಮ್ಮಿ ಗೋಡೆಗೆ ಹಾರಿತು. ಬೆಟ್ಟದಿಂದ ಅದಕ್ಕೆಂದೇ ಇಳಿದು ಬಂದಿದ್ದ ದೊರೆಸ್ವಾಮಿ ಹಳೆಯ ಸೀಟಿ ಊದಿ, “ರೈಟ್, ರೈಟ್!” ಎಂದರು. ಶಿವರತ್ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, ತಮಗೆಂದು ಗಂಡನ ಪಕ್ಕ ಹಾಕಿಟ್ಟ ಕುರ್ಚಿಯತ್ತ ಕಣ್ಣೂ ಹಾಯಿಸದೆ ನಿಂತರು.

ಬಯಲಿನ ರಸ್ತೆಯಲ್ಲಿ ಬಸ್ಸು ನೆಟ್ಟಗೇ ಹೋಯಿತು. ಮಧುವನಹಳ್ಳಿಯ ಹುಣಸೆಮರ ಕಂಡು ಗೆಳೆಯರಿಬ್ಬರೂ ಕೂಗಿದರು. ಹನೂರು ದಾಟಿತು. ತಾಳಬೆಟ್ಟದಲ್ಲಿ ನಿಲ್ಲಿಸಿ ಗುರುಪಾದಸ್ವಾಮಿ ಟಿವಿಗೇ ಕೈಮುಗಿದರು. ಘಾಟಿ ಶುರುವಾಯಿತು ನೋಡಿ, ಗ್ರಹಚಾರವೂ ಶುರುವಾಯಿತು. ಒತ್ತೊತ್ತಾಗಿ ಮರ, ಬಂಡೆ, ತಿರುವು ಬರುತ್ತಿದ್ದಂತೆ ಚಿತ್ರ ಗಕ್ಕನೆ ನಿಲ್ಲುವುದು, ಮತ್ತೆ ಎಗರುವುದು. ತಿರುವಿನ ಈ ತುದಿಯಲ್ಲಿದ್ದ ಬಸ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ಆ ತುದಿಯಲ್ಲಿ. ಗುರುಪಾದಸ್ವಾಮಿ ಬ್ರೇಕ್ ತುಳಿದರು, ಗೇರ್ ಇಳಿಸಿದರು, ಬಸ್ಸು ಕಪ್ಪೆಯ ಹಾಗೆ ಕುಪ್ಪಳಿಸಿತು.

ಬಾಗಿಲಿನಿಂದ ಶಿವರತ್ನಮ್ಮನ ಮಾತು ಬಂತು. “ಇಂಗಾ ನೀವ್ ಓಡುಸ್ತಿದ್ದುದ್ದು? ಸದ್ಯ, ನಾನ್ ಅತ್ತಲಿಲ್ಲ.”

ಅವರು ತಮಾಷೆಗೆ ಹೇಳಿದ್ದಿರಬಹುದು. ಗುರುಪಾದಸ್ವಾಮಿಯವರಿಗೆ ಮಾತ್ರ ಅದು ತಮಾಷೆಯಾಗಿ ಕೇಳಲಿಲ್ಲ. ಮೊಸರು ಚೆಲ್ಲದ ತಮ್ಮ ಕೈಯನ್ನು ತೋರಿಸಲು ಹೊರಟು, ಅವಳ ಕಣ್ಣಮುಂದೆ ಇಂಥ ಮಾನಗೇಡು! ಸ್ಟೇರಿಂಗಿನ ಚೆಂಡುಹೂವನ್ನು ಕಿತ್ತು ಕೆಳಗಿಟ್ಟರು.

ಬೆಳಗಾಗುವುದೇ ತಡ, ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದ ಬಸ್ ಹತ್ತಿದರು. ಕೇಳಿದ ತಕ್ಷಣ ಭವ್ಯಳಿಗೆ ತಿಳಿಯಿತು.

“ಸಾ, ಇದು ಜನ ಕೂರೋ ಬಸ್ಸಲ್ಲ. ಆ ಮರ, ಬಂಡೆ, ರಸ್ತೆ ಎಲ್ಲಾದ್ರ ಚಿತ್ರನೂ ರ‍್ಯಾಮಿನಿಂದ ಪ್ರೊಸೆಸರ್‌ಗೆ ಹೊತ್ಕಂಡ್ ಹೋಗೋ ಬಸ್ಸು. ನಾವು ಬ್ಯಾರೆ ಕಾರ್ಡ್ ಹಾಕಿಲ್ವಲ್ಲ, ಅದ್ಕೇ ಎಲ್ಲಾ ಹೊರೆನೂ ಇದರ ಮ್ಯಾಲೇ ಬೀಳ್ತದೆ. ಹಾಕಿದ್ದು ಒಂದೇ ಪಟ್ಟಿ, ಅದೂ ನಿಧಾನದ್ದು.”

ಗುರುಪಾದಸ್ವಾಮಿ ಹಣೆ ಹಣೆ ಚಚ್ಚಿಕೊಂಡರು.

“ಅಯ್ಯೋ ನನ್ನಪ್ಪ ಮಾದಪ್ಪ! ಬೆಟ್ಟದ್ ಅಮಾಸೆ ಜಾತ್ರೆ ರಶ್ಶಿಗೆ ಕೊಳ್ಳೇಗಾಲದಿಂದ ಒಂದೇ ಒಂದ್ ಡಕೋಟಾ ಬಸ್ ಬುಟ್ಟಂಗಾಯ್ತಲ್ಲವ್ವಾ!”

“ಅದೇ ಸಾ!” ಭವ್ಯ ಮೇಜು ಕುಟ್ಟಿದಳು.

“ಎಲ್ಡ್ ಬಸ್ ಬುಡು. ಎಲ್ಡೂ ಎಕ್ಸ್‌ಪ್ರೆಸ್ ಬುಡು!”

“ಎರಡು ಹಾಕುದ್ರೆ ಎರಡೂ ಒಟ್ಗೇ ಹೊರ್ತವೆ. ಆದ್ರೆ ದುಡ್ಡು...”

ಗುರುಪಾದಸ್ವಾಮಿ ಕೆಂಪು ದೀಪದ ಪೆಟ್ಟಿಗೆಯನ್ನು ಮುಟ್ಟಿ ನೋಡಿದರು. ವಿಭೂತಿ ಇನ್ನೂ ಅಂಟಿಕೊಂಡಿತ್ತು. ಧೋತಿಯ ತುದಿಯಿಂದ ಒರೆಸಿ, “ಇದನ್ನ ವಾಪಸ್ ತಕ. ಸಾದಾ ತಗಡಿನ್ ಬಾಡಿ ಕೊಡು. ಅಮಾಸೆ ಸ್ಪೆಷಲ್ಗೆ ಡೆಕೋರೇಶನ್ ಯಾಕೆ?” ಎಂದರು. ಭವ್ಯ ಹಳೆಯ ಪಟ್ಟಿಯನ್ನೂ ವಾಪಸ್ ಪಡೆದು, ಹೊಸ ಎರಡನ್ನು ಅವುಗಳ ಸಂದಿಯಲ್ಲಿ ಕಟಕ್ ಕಟಕ್ ಎಂದು ಕೂರಿಸಿದಳು. ಆ ಸದ್ದಿಗೆ ಅವರ ಮೈ ಜುಮ್ಮೆಂದಿತು.

ಅಂದು ಸಂಜೆ ಪಡಸಾಲೆಯಲ್ಲಿ ಸಾದಾ ತಗಡಿನ ಪೆಟ್ಟಿಗೆ ಗುಂಯ್ ಎಂದಿತು. ದೊರೆಸ್ವಾಮಿ ಬೆಟ್ಟಕ್ಕೆ ಮರಳದೆ ಅಲ್ಲೇ ಉಳಿದಿದ್ದರು. ಹನೂರು ಕಳೆಯಿತು, ತಾಳಬೆಟ್ಟ ಬಂತು. ಗುರುಪಾದಸ್ವಾಮಿ ಎರಡನೇ ಗೇರಿಗೆ ಹಾಕಿದರು. ಮೊದಲ ತಿರುವು. ಬಸ್ಸು ಬೆಣ್ಣೆಯ ಹಾಗೆ ತಿರುಗಿತು. ಎರಡನೆಯದು. ಸ್ಟೇರಿಂಗು ಎರಡು ಸುತ್ತು ಹೋಗಿ, ಅವರ ಅಂಗೈ ಕೆಳಗೇ ಜಾರಿ ತನ್ನಷ್ಟಕ್ಕೆ ವಾಪಸ್ ಬಂತು. ಆಹಾ! ಮರಗಳು ಒಂದೂ ತಡವರಿಸದೆ ಹಿಂದೆ ಸರಿದವು. ಅವರ ಕಾಲು ಕ್ಲಚ್ಚಿನ ಮೇಲೆ ಹಳೆಯ ಲೆಕ್ಕದಲ್ಲೇ ಏರಿಳಿಯುತ್ತಿತ್ತು. ಕಣ್ಣಲ್ಲಿ ನೀರು ತುಂಬಿ ಬಂದು, ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ ಹಾಗೇ ಬಿಟ್ಟರು.

ಅಡುಗೆಮನೆಯ ಬಾಗಿಲಲ್ಲಿ ಬಳೆಯ ಸದ್ದಾಯಿತು. ಧಾರಾವಾಹಿಗೆ ಹೊತ್ತಾಗಿತ್ತು, ರಿಮೋಟು ಶಿವರತ್ನಮ್ಮನ ಕೈಯಲ್ಲೇ ಇತ್ತು. ಬಂದವರು ನಿಂತು ನೋಡಿದರು. ಒಂದು ತಿರುವು ನೋಡಿದರು, ಇನ್ನೊಂದು ನೋಡಿದರು. ಗಂಡನ ಕೈಗಳನ್ನು ನೋಡಿದರು. ಈ ಕೈ ತಟ್ಟೆ ಹಿಡಿದದ್ದು, ಹಸುವಿಗೆ ಹುಲ್ಲು ಹಾಕಿದ್ದು ಎಲ್ಲ ಗೊತ್ತು, ಬಸ್ ಹಿಡಿದದ್ದನ್ನು ಹೀಗೆ ಹತ್ತಿರ ನಿಂತು ನೋಡಿಯೇ ಇರಲಿಲ್ಲ.

“ದೊರೆಸ್ವಾಮಣ್ಣ, ಸೀಟ್ ಖಾಲಿ ಅದಾ?” ಎಂದರು.

ದೊರೆಸ್ವಾಮಿ ಸೀಟಿ ಊದಿ, ಪಕ್ಕದ ಕುರ್ಚಿಯನ್ನು ಟವೆಲಿನಿಂದ ಒರೆಸಿದರು. “ಬನ್ನಿ ಅತ್ಗಮ್ಮ, ಮುಂದಿನ್ ಸೀಟೇ ಖಾಲಿ!”

ಕುರ್ಚಿ ಕಿರುಗುಟ್ಟಿತು. ಮಲ್ಲಿಗೆಯ ವಾಸನೆ ಬಂತು. ಪಕ್ಕದಲ್ಲಿ ಅವಳು ಕೂತಿದ್ದಾಳೆ, ಆದರೆ ಈ ದರಿದ್ರ ಕಣ್ಣಿಗೆ ಪಕ್ಕ ಕಾಣುವುದಿಲ್ಲ. ಬಸ್ಸಿನ ಕನ್ನಡಿಯಲ್ಲಿ ಆಟದ ಬೊಂಬೆಗಳಷ್ಟೇ ಕೂತಿವೆ. ಎದುರಿಗೆ ದೊಡ್ಡ ತಿರುವು. ಗುರುಪಾದಸ್ವಾಮಿ ತಡೆದುಕೊಂಡರು. ಇನ್ನೂ ತಡೆದುಕೊಂಡರು. ಆಗಲಿಲ್ಲ, ಕತ್ತನ್ನು ಪೂರ್ತಿ ತಿರುಗಿಸಿ ನೋಡೇಬಿಟ್ಟರು.

ಢಮಾರ್!

ಬಸ್ಸು ಕುಳ್ಳ ಗೋಡೆ ಹಾರಿ ಕಂದರದಲ್ಲಿ ಗಾಲಿ ಮೇಲಾಗಿ ಬಿದ್ದಿತ್ತು. ಬೊಂಬೆಗಳು ಹೋ ಎಂದು ಕಿರುಚಿದವು. ದೊರೆಸ್ವಾಮಿ ಉದ್ದಕ್ಕೆ ಸೀಟಿ ಊದಿ, “ಗುರುಪಾದಣ್ಣಾ, ನಿನ್ ಸರ್ವಿಸ್ನಲ್ಲೇ ಫಸ್ಟ್ ಕೇಸು!” ಎಂದು ಚಪ್ಪಾಳೆ ತಟ್ಟಿದರು.

“ಅಷ್ಟ್ ಚೆನ್ನಾಗ್ ಬತ್ತಿತ್ತು, ರಸ್ತೆ ಬುಟ್ಟು ಎಲ್ ನೋಡ್ತಿದ್ರಿ?” ಎಂದರು ಶಿವರತ್ನಮ್ಮ.

“ನಿನ್ನ.”

“ನನ್ನಾ?”

“ಅವತ್ತೂ ನಿನ್ನೇ ನೋಡ್ತಿದ್ದೆ ಕನಾ, ಕನ್ನಡಿಲಿ. ಎದ್ರಿಗೆ ಗಾಡಿ ಬಂದುದ್ದೇ ಕಾಣ್ಲಿಲ್ಲ. ಅದ್ಕೇ ಅತ್ತಬ್ಯಾಡ ಅಂದುದ್ದು. ಯಾವ ಕಾಲ್ಗುಣವೂ ಅಲ್ಲ. ನಂದು ಕಣ್ಗುಣ.”

ದೊರೆಸ್ವಾಮಿ ಸೀಟಿಯನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು. ಶಿವರತ್ನಮ್ಮ ಕೆನ್ನೆ ಒರೆಸಿಕೊಂಡರು, ಆಮೇಲೆ ನಗು ಬಂತು, ಆಮೇಲೆ ಸಿಟ್ಟೂ ಬಂತು. “ಇದ್ನ ಏಳಕ್ಕೆ ಇಷ್ಟ್ ವರ್ಸ ಬೇಕಾಯ್ತಾ ನಿಮ್ಗೆ?” ಎಂದು ರಿಮೋಟಿನಿಂದಲೇ ಅವರ ಭುಜಕ್ಕೊಂದು ಕೊಟ್ಟರು. ಗುರುಪಾದಸ್ವಾಮಿ ಆ ಪೆಟ್ಟನ್ನು ಸಂತೋಷವಾಗಿ ತಿಂದರು.

ಟಿವಿಯ ಮೇಲೆ ಬಸ್ಸು ತಾನಾಗಿ ಎದ್ದು ಮತ್ತೆ ತಾಳಬೆಟ್ಟದಲ್ಲಿ ಬಂದು ನಿಂತಿತು. ಶಿವರತ್ನಮ್ಮ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಕುರ್ಚಿಯನ್ನು ಗಂಡನ ಎದುರಿಗೆ ಕಾಣುವ ಹಾಗೆ ಟಿವಿಯ ಪಕ್ಕಕ್ಕೇ ಎಳೆದು ಕೂತರು.

“ಈಗ್ ಕಾಣ್ತೀನಾ?”

“ಕಾಣ್ತಿಯ.”

“ಸರಿ. ರಸ್ತೆನೂ ನೋಡ್ಕಂಡ್ ಓಡ್ಸಿ,” ಎಂದರು ಶಿವರತ್ನಮ್ಮ.